ಪಂಜರದೊಳಗಿನ ಲೋಹ, ಬಾಗಿಲಾಚೆಗಿನ ನೆಂಟರು

ನನ್ನ ತಲೆಯೊಳಗೆ ಗಡ್ಡೆ ಐತೆ ಅಂತ ಗೊತ್ತಾದ ಮೇಲೆ ಗಡ್ಡೆಗಿಂತ ಹೆಚ್ಚು ಕಾಟ ಕೊಟ್ಟವರು ನೆಂಟರು. ದಾವಣಗೆರೆಗೆ ಹೋಗಿ ರೇಡಿಯೇಷನ್ ತಗೊಂಡು, ಹೊನ್ನಾಳಿಯ ಮನೆಗೆ ಬಂದು ಮಲಗೋಣ ಅಂದ್ರೆ ನ್ಯಾಮತಿಯಿಂದ ಒಂದು ಹಿಂಡು, ಜಗಳೂರಿಂದ ಇನ್ನೊಂದು. ಬಾಳೆಹಣ್ಣು ಇಟ್ಟು, ನನ್ನ ಮುಖ ನೋಡಿ ಗೊಳೋ ಅಂತ ಅತ್ತು, ಆಮೇಲೆ ಕಾಫಿ ಕುಡೀತಿದ್ರು. ಬದುಕಿರುವಾಗಲೇ ತಿಥಿ! ನನಗೆ ಬೇಕಾಗಿದ್ದು ಮಧ್ಯಾಹ್ನ ಒಂದಿಷ್ಟು ನೆಮ್ಮದಿಯ ನಿದ್ದೆ, ಅಷ್ಟೇ.

ಉಪಾಯ ಸಿಕ್ಕಿದ್ದು ಆಸ್ಪತ್ರೆಯಲ್ಲೇ. ಎಂಆರ್‌ಐ ಮಾಡುವಾಗ ಗಡ್ಡೆ ಬೆಳ್ಳಗೆ ಎದ್ದು ಕಾಣಲಿ ಅಂತ ನರಕ್ಕೆ ಒಂದು ಔಷಧಿ ಚುಚ್ಚುತ್ತಾರೆ. ಅದರಲ್ಲಿರೋದು ಗ್ಯಾಡೊಲಿನಿಯಂ ಅನ್ನೋ ಲೋಹ. ಮೈಗೆ ತೊಂದರೆ ಕೊಡದ ಹಾಗೆ ಅದನ್ನು ಅಣುಗಳ ಪಂಜರದಲ್ಲಿ ಕೂಡಿಹಾಕಿರ್ತಾರಂತೆ. “ಅದು ಒಳಗಿರುವಾಗಲೇ ರೇಡಿಯೇಷನ್ ಬಿದ್ರೆ ಪಂಜರ ಮುರಿಯಲ್ವೇನ್ರೀ?” ಅಂತ ಕೇಳಿದೆ. ಡಾಕ್ಟರಮ್ಮ ನಕ್ಕರು. “ಅದನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡ್ತಾರಮ್ಮ. ನಿಮಗೆ ಕೊಡೋ ಪ್ರಮಾಣಕ್ಕೆ ಹೆದರೋ ಹಾಗಿಲ್ಲ. ಚೆನ್ನಾಗಿ ನೀರು ಕುಡೀರಿ, ಔಷಧಿ ಮೂತ್ರದಲ್ಲಿ ಹೋಗುತ್ತೆ. ನಿಮ್ಮಿಂದ ಬೇರೆಯವರಿಗೂ ಏನೂ ಆಗಲ್ಲ.”

ಮನೆಗೆ ಬಂದು ನನ್ನ ಪ್ರಶ್ನೆಯನ್ನಷ್ಟೇ ಹೇಳಿದೆ, ಅವರ ಉತ್ತರ ನುಂಗಿದೆ. ಸಂತೇಬೆನ್ನೂರಿನ ಚಿಕ್ಕಮ್ಮ ಆಗಷ್ಟೇ ಅಳಾಕೆ ಸೆರಗು ಎತ್ತಿದ್ದಳು. “ಚಿಕ್ಕಮ್ಮಾ, ಸ್ವಲ್ಪ ದೂರ! ಮೈಯೊಳಗೆ ಲೋಹ ಐತೆ, ಅದರ ಮೇಲೆ ರೇಡಿಯೇಷನ್ ಬಿದ್ದೈತೆ. ಪಂಜರ ಗಿಂಜರ ಮುರಿದಿದ್ರೆ ಏನು ಹೊರಗೆ ಬರ್ತೈತೋ ದೇವರೇ ಬಲ್ಲ” ಅಂದೆ. ಕಾಫಿ ಲೋಟ ಅಲ್ಲೇ ಬಿಟ್ಟು ಹೊರಟಳು ನೋಡಿ! ಸಂಜೆಯೊಳಗೆ ಸುದ್ದಿ ಚನ್ನಗಿರಿ ದಾಟಿತ್ತು. ಮಾರನೇ ದಿನದಿಂದ ನೆಂಟರು ಬಾಗಿಲಾಚೆಯಿಂದಲೇ “ಹೆಂಗಿದೀಯವ್ವಾ?” ಅಂತ ಕೂಗಿ ಬಸ್ ಹತ್ತಿದರು. ನಾನು ಹೊದಿಕೆಯೊಳಗೆ ಕಿಸಕ್ಕಂತ ನಕ್ಕೆ.

ಸ್ವಲ್ಪ ದಿನ ಮಜವಾಗಿತ್ತು. ಆಮೇಲೆ ಮನೆ ಬಿಕೋ ಅನ್ನಾಕೆ ಶುರುವಾಯ್ತು. ಯಾರ ಕಾಟವೂ ಇಲ್ಲ, ಆದ್ರೂ ನಿದ್ದೆ ಹತ್ತಲಿಲ್ಲ. ಗಡ್ಡೆ ಕರಗದಿದ್ರೆ ಹೆಂಗೆ ಅನ್ನೋ ಭಯ ಆಗ ಬಂತು.

ಒಂದು ಮಧ್ಯಾಹ್ನ ನಮ್ಮತ್ತೆ ಚಾಪೆ ಎಳ್ಕೊಂಡು ಬಂದು ನನ್ನ ಮಗ್ಗುಲಲ್ಲೇ ಕೂತರು. ಮದುವೆಯಾದಾಗಿಂದ ಸಾರಿನ ಉಪ್ಪಿಗೂ ನನ್ನ ಜೊತೆ ಜಗಳ ತೆಗೆಯೋ ಹೆಂಗಸು.

“ದೂರ ಕೂತ್ಕಳ್ರಿ ಅತ್ತೆ, ಸುದ್ದಿ ಕೇಳಿಲ್ವಾ?” ಅಂತ ನಾಟಕ ಆಡಿದೆ.

“ಕೇಳೀನಿ, ಅದಕ್ಕೇ ಬಂದೆ. ಹತ್ರ ಕೂತ್ರೆ ಆ ವಿಷ ನನಗೂ ಒಂದಿಷ್ಟು ಬರ್ತೈತಲ್ಲ, ನಿನಗೆ ಅಷ್ಟು ಕಡಿಮೆ ಆಗ್ತೈತೆ. ನನಗೇನು, ವಯಸ್ಸಾತು. ಸುಮ್ನೆ ಮಲಗು.”

ಎಲ್ಲಾ ಸುಳ್ಳು ಅಂತ ಹೇಳಾಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕೈ ಎಳೆದು ತಮ್ಮ ಮಡಿಲಲ್ಲಿ ಇಟ್ಕೊಂಡರು. ನಿಜ ಸಂಜೆಗೆ ಹೇಳಿದ್ರಾಯ್ತು ಅಂದ್ಕೊಂಡು ಕಣ್ಣು ಮುಚ್ಚಿದೆ. ನಿದ್ದೆ ಬಂತು.