ಹೆಸರಿಲ್ಲದ ಮೊಣಕಾಲು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನಗೊಂದು ಅಡ್ಡಹೆಸರಿದೆ: ಹರಟೆ ಮೇಡಂ. ದಾಂಡೇಲಿಯ ಈ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಉಳಿದವರೆಲ್ಲ ಅಳೆಯುವವರು. ಒಬ್ಬರು ಸ್ಟಾಪ್‌ವಾಚ್ ಹಿಡಿದು ಓಟದ ವೇಗ ಅಳೆಯುತ್ತಾರೆ, ಇನ್ನೊಬ್ಬರು ನಾಡಿಬಡಿತ, ಮತ್ತೊಬ್ಬರು ಇಕ್ಕಳದಂಥ ಒಂದು ಸಾಧನದಲ್ಲಿ ಹೊಟ್ಟೆಯ ಕೊಬ್ಬು ಹಿಡಿದು ಬರೆದುಕೊಳ್ಳುತ್ತಾರೆ. ನಾನು ಕೇಳುವುದನ್ನು ಕಲಿಸುತ್ತೇನೆ. ಆಟ ಆಡುವವರ ಹತ್ತಿರ, ಕಾಯಿಲೆಯಿಂದ ಎದ್ದವರ ಹತ್ತಿರ ಕೂತು, ಅವರ ಮೈಯ ಸಮಾಚಾರವನ್ನು ಅವರ ಬಾಯಿಂದಲೇ ಕೇಳಿ, ಹೇಳಿದ ಹಾಗೇ ಬರೆದುಕೊಂಡು, ಅದರಲ್ಲಿ ಏನಿದೆ ಎಂದು ಹುಡುಕುವುದು. ಪಠ್ಯಕ್ರಮದಲ್ಲಿ ಇದಕ್ಕೆ ಗುಣಾತ್ಮಕ ಸಂಶೋಧನೆ ಎಂಬ ದೊಡ್ಡ ಹೆಸರಿದೆ.

"ಅಂದ್ರ ಹರಟಿ ಹೊಡದ್ರೂ ಮಾರ್ಕ್ಸ್ ಕೊಡ್ತೀರಿ ಅಂದಂಗಾತು," ಎಂದು ಸ್ಟಾಪ್‌ವಾಚಿನ ಸಹೋದ್ಯೋಗಿ ಕಾಲೆಳೆಯುತ್ತಾರೆ.

"ನೀವೊಮ್ಮೆ ಹೊಡದು ತೋರಸ್ರಿ ನೋಡೂಣು. ನಿಮ್ಮ ಮುಂದ ಹುಡುಗ್ರು ಉಸಿರ ಬಿಡಾಕೂ ಹೆದರ್ತಾವ," ಎನ್ನುತ್ತೇನೆ.

ನನ್ನ ಕೆಲಸದ ಬಗ್ಗೆ ನನಗೆ ಎಳ್ಳಷ್ಟೂ ಸಂಕೋಚವಿಲ್ಲ. ಮೊದಲ ತರಗತಿಯಲ್ಲೇ ಹುಡುಗರನ್ನು ಜೋಡಿಜೋಡಿಯಾಗಿ ಕೂರಿಸಿ, ಒಬ್ಬರು ತಮಗಾದ ಗಾಯದ ಕಥೆ ಹೇಳಬೇಕು, ಇನ್ನೊಬ್ಬರು ಅದು ಮುಗಿಯುವತನಕ ಬಾಯಿ ಬಿಡಬಾರದು ಎನ್ನುತ್ತೇನೆ. ನಮ್ಮ ಕಡೆಯವರಿಗೆ ಇದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ಅಣಶಿ ಕಡೆಯ ಒಬ್ಬ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಆದರೂ ತಡೆಯಲಾರದೆ, "ಮೇಡಂ, ಇಂವಾ ಸುಳ್ಳ ಹೇಳಾಕತ್ಯಾನ, ಅವತ್ತ ನಾನೂ ಅಲ್ಲೇ ಇದ್ದೆ," ಎಂದು ಕೂಗಿದ. ಆದರೆ ಒಮ್ಮೆ ಕಲಿತರೆ ಬಿಡುವುದಿಲ್ಲ. ಕೇಳಿಸಿಕೊಳ್ಳುವವರು ಸಿಕ್ಕರೆ ಜನ ಏನೇನು ಹೇಳುತ್ತಾರೆ ಎಂಬುದು ಅವರಿಗೇ ಆಶ್ಚರ್ಯ.

ಈಗ ಹೇಳಹೊರಟ ವಿದ್ಯಾರ್ಥಿನಿ ಮಳಗಿಯವಳು. ಒಳ್ಳೇ ಖೋ-ಖೋ ಆಟಗಾರ್ತಿ, ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು. ಹಳಿಯಾಳದ ಸುತ್ತಲಿನ ಊರುಗಳಲ್ಲಿ ಕುಸ್ತಿ ಆಡುವ ಹುಡುಗಿಯರು ನೋವಿನ ಜೊತೆ ಹೇಗೆ ಬಾಳುತ್ತಾರೆ ಎಂಬುದು ಅವಳು ಆರಿಸಿಕೊಂಡ ವಿಷಯ. ವಿಷಯ ಕೇಳಿಯೇ ನನಗೆ ಖುಷಿಯಾಗಿತ್ತು. ಮಾತಾಡಿಸುವ ಮುಂಚೆ ಹುಡುಗಿಯರಿಗೆ ಏನು ಹೇಳಬೇಕು ಎಂಬುದನ್ನು ಬಾಯಿಪಾಠ ಮಾಡಿಸಿದೆ: ನಿನ್ನ ಹೆಸರಾಗಲಿ, ನೀನೆಂದು ಗೊತ್ತಾಗುವ ಗುರುತಾಗಲಿ ಎಲ್ಲೂ ಬರುವುದಿಲ್ಲ. ನೀನು ಹೇಳಿದ್ದರ ಮೂಲ ಟಿಪ್ಪಣಿಯನ್ನು ನಾನು ಮತ್ತು ನನ್ನ ಮೇಡಂ ಬಿಟ್ಟರೆ ಯಾರೂ ಓದುವುದಿಲ್ಲ. ನಿನ್ನ ಮೈಗೆ ಅಪಾಯ ಎನ್ನುವಂಥ ಮಾತು ಬಂದರೆ ಮಾತ್ರ ಸುಮ್ಮನಿರುವುದಿಲ್ಲ, ಆದರೆ ಮೊದಲು ನಿನ್ನ ಹತ್ತಿರವೇ ಬರುತ್ತೇವೆ. ಇಷ್ಟು ಹೇಳಿ, ಅಲ್ಲಿಯ ಹಿರಿಯರನ್ನು ಮೊದಲು ಮಾತಾಡಿಸು, ನೀಟಾಗಿ ಹೋಗು, ಬರಿಗೈಲಿ ಹೋಗಬೇಡ ಎಂದೂ ಸೇರಿಸಿದೆ.

ಎಡವಟ್ಟಾದದ್ದು ಆ ಕೊನೆಯ ಮಾತುಗಳಿಂದಲೇ. ಅವಳು ಮೊದಲು ಹೋದದ್ದು ಹಳಿಯಾಳ ತಾಲೂಕಿನ ಒಂದು ಹಳ್ಳಿಗೆ. ಆ ಮನೆಯ ಮಗಳು ಬಿ.ಎ. ಓದುತ್ತ ಕುಸ್ತಿ ಆಡುವವಳು. ತಂದೆ ಹಳೆಯ ಪೈಲ್ವಾನರು, ಕಬ್ಬು ಬೆಳೆಯುತ್ತಾರೆ, ಬೆಳಿಗ್ಗೆ ಊರಿನ ಹುಡುಗಿಯರಿಗೆ ತಾವೇ ವಸ್ತಾದರಾಗಿ ಕುಸ್ತಿ ಕಲಿಸುತ್ತಾರೆ. ನಮ್ಮವಳು ಫೋನ್ ಮಾಡಿದಾಗ ಎತ್ತಿದ್ದು ಹುಡುಗಿಯ ಸೋದರತ್ತೆ. "ರವಿವಾರ ಬರ್ತೇವ್ರಿ, ನಿಮ್ಮ ಹುಡುಗಿ ಕೂಡ ಸ್ವಲ್ಪ ಮಾತಾಡೂದೈತಿ," ಎಂದಿದ್ದಾಳೆ ಇವಳು. ಬಸ್ಸು ಬದಲಿಸುವ ತಾಪತ್ರಯ ಬೇಡವೆಂದು ಅಣ್ಣನ ಬೈಕಿನಲ್ಲಿ ಹೋಗಿದ್ದಾಳೆ. ಅಣ್ಣನದು ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಡೆಯ ಪೊಟ್ಟಣ. ಒಳಗೆ ಹೋಗಿ ಕೂತು ಕೇಳಿದ ಪ್ರಶ್ನೆಗಳಾದರೂ ಎಂಥವು! ಹುಡುಗಿಯ ವಯಸ್ಸೆಷ್ಟು, ತೂಕವೆಷ್ಟು, ಏನು ಓದುತ್ತಾಳೆ, ಊಟದಲ್ಲಿ ಏನು ಸೇರುತ್ತದೆ.

ಕನ್ಯಾ ನೋಡಲು ಬಂದಿದ್ದಾರೆಂದು ಇಡೀ ಓಣಿ ತಿಳಿದುಕೊಂಡಿತು. ಉಪ್ಪಿಟ್ಟು ಬಂತು, ಚಹಾ ಬಂತು. ಯಾರನ್ನು ಬೇಕಾದರೂ ಎತ್ತಿ ಒಗೆಯಬಲ್ಲ ಹುಡುಗಿ ಸೀರೆ ಉಟ್ಟು ನೆಲ ನೋಡುತ್ತ ಕೂತಳು. ನಮ್ಮವಳು ಅದನ್ನು ನಾಚಿಕೆ ಸ್ವಭಾವ ಎಂದು ಟಿಪ್ಪಣಿ ಮಾಡಿಕೊಂಡಳು.

ಮಾತುಕತೆಯನ್ನು ಅಕ್ಷರಕ್ಕಿಳಿಸಿ ನನ್ನ ಮೇಜಿನ ಮೇಲಿಟ್ಟಳು. ಓದಿದೆ.

ನೋವು ಆಗುತ್ತದೆಯೇ ಎಂಬ ಪ್ರಶ್ನೆಗೆ ಅತ್ತೆಯ ಉತ್ತರ: "ಏ, ನೋವು ಗೀವು ಏನೂ ಇಲ್ಲವ್ವಾ. ನಮ್ಮ ಹುಡುಗಿ ಭಾಳ ಗಟ್ಟಿ ಅದಾಳ." ತಂದೆಯ ಉತ್ತರ: "ಹುಟ್ಟಿದಾಗಿಂದ ಒಂದ ಗುಳಿಗಿ ನುಂಗಿಲ್ರಿ." ಅದರ ಕೆಳಗೆ ಅತ್ತೆಯ ಪ್ರಶ್ನೆ: "ಹುಡುಗ ಏನ್ ಮಾಡ್ತಾನ?" ಅದಕ್ಕೆ ಅಣ್ಣನ ಪ್ರಾಮಾಣಿಕ ಉತ್ತರ: "ಮಳಗ್ಯಾಗ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಐತ್ರಿ."

ನಾನು ಬಿದ್ದು ಬಿದ್ದು ನಕ್ಕೆ. ಕನ್ಯಾ ನೋಡುವ ದಿನ ಯಾವ ಮನೆಯವರು ಮಗಳಿಗೆ ನೋವಿದೆ ಎಂದಾರು? ಕುಸ್ತಿಯ ಹುಡುಗಿಯರಿಗೆ ನೋವೇ ಇಲ್ಲ ಎಂದು ಇವಳು ತೀರ್ಮಾನ ಬೇರೆ ಬರೆದಿದ್ದಳು. ಅವಳ ಮುಖ ಸಣ್ಣದಾಯಿತು. ನಾನೇ ಫೋನ್ ಮಾಡಿ ತಂದೆಗೆ ವಿಷಯ ತಿಳಿಸಿದೆ. ಅವರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಈ ಸಂಬಂಧ ಹುಸಿಯಾದರೇನಾಯಿತು, ಹುಡುಗಿಯಂತೂ ತಯಾರಾಗಿದ್ದಾಳೆ ಎಂದು ಅವರು ಅಂದಿನಿಂದ ನಿಜವಾದ ವರಗಳನ್ನೇ ಹುಡುಕತೊಡಗಿದರು.

ಎರಡನೇ ಸಲ ನಾನೂ ಜೊತೆಗೆ ಹೋದೆ. ಮನೆಗಲ್ಲ, ಗರಡಿಗೆ. ಕಬ್ಬಿನ ಹೊಲದ ಅಂಚಿಗೆ ಒಂದು ತಗಡಿನ ಶೆಡ್ಡು, ಅದರೊಳಗೆ ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಕೆಂಪು ಮಣ್ಣು. ಕುಸ್ತಿಗೆ ಮುಂಚೆ ಆ ಮಣ್ಣನ್ನು ಅಗೆದು ಸಡಿಲ ಮಾಡಬೇಕು, ಇಲ್ಲದಿದ್ದರೆ ಬಿದ್ದವರ ಮೂಳೆ ಮುರಿಯುತ್ತದೆ. ಅಲ್ಲಿಗೆ ಬಂದವರು ಕೈಕಟ್ಟಿ ನಿಲ್ಲುವ ಹಾಗಿಲ್ಲ. ವಸ್ತಾದರು ನಮ್ಮಿಬ್ಬರ ಕೈಗೂ ಸಲಿಕೆ ಕೊಟ್ಟರು. "ಇಲ್ಲಿ ನೋಡಾಕ ಬಂದಾವ್ರಿಗೂ ಕೆಲಸ ಐತ್ರಿ ಬಾಯಾರ," ಎಂದು ನಕ್ಕು, ಕಬ್ಬಿಗೆ ನೀರು ಬಿಡಲು ಹೋದರು.

ನಾನು ಬೇಕೆಂದೇ ಆ ಕಡೆಯ ತುದಿಗೆ ಹೋಗಿ ಅಗೆಯತೊಡಗಿದೆ. ನನ್ನ ವಿದ್ಯಾರ್ಥಿನಿ ಮತ್ತು ಆ ಹುಡುಗಿ ಅಕ್ಕಪಕ್ಕ ನಿಂತು ಮಣ್ಣು ತಿರುವಿದರು. ಯಾರೂ ಯಾರ ಮುಖ ನೋಡಬೇಕಾಗಿರಲಿಲ್ಲ. ಮೊದಲು ಸಲಿಕೆಯ ಸದ್ದು ಮಾತ್ರ ಬರುತ್ತಿತ್ತು, ಆಮೇಲೆ ಹುಡುಗಿಯ ದನಿ ಶುರುವಾಯಿತು, ಬಹಳ ಹೊತ್ತು ನಿಲ್ಲಲಿಲ್ಲ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು, ಮನಸ್ಸಿಗೆ ಮಾತ್ರ ಹಬ್ಬ. ತರಗತಿಯಲ್ಲಿ ಎದುರುಬದುರು ಕುರ್ಚಿ ಹಾಕಿ ಕಲಿಸುವುದನ್ನು ಅಂದೇ ಬಿಟ್ಟೆ.

ವಾಪಸು ಬರುವಾಗ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಚಹಾಕ್ಕೆ ಕೂತೆವು. ನನ್ನ ವಿದ್ಯಾರ್ಥಿನಿ ಹುಡುಗಿಯ ಮಾತುಗಳನ್ನು ಹೇಳಿದ ಹಾಗೇ ನನಗೊಪ್ಪಿಸಿದಳು.

"ಮೈ ತಿರುವಿದ ಕೂಡಲೆ ಮೊಣಕಾಲ ಜಾರತೈತ್ರಿ. ಒಳಗ ಏನೋ ಸಿಕ್ಕೊಂಡಂಗ ಆಗಿ ಕಾಲ ಚಾಚಾಕ ಬರೂದಿಲ್ಲ. ಪ್ಯಾಂಟಿನ ಒಳಗ ಅವ್ವನ ಹಳೇ ಸೀರಿ ಹರದು ಬಿಗದು ಕಟಗೊಂಡು ಆಡ್ತೇನಿ. ಮುಂದಿನ ವಾರ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಆರಿಸೋ ಟ್ರಯಲ್ಸ್ ಐತಿ. ಅಪ್ಪಗ ಗೊತ್ತಾದ್ರ ಅಲ್ಲಿಗೆ ಬಿಡೂದಿಲ್ಲ. ಸೋದರತ್ತಿಗೆ ಗೊತ್ತಾದ್ರ ಕಾಲ ನೆಟ್ಟಗಿಲ್ಲದ ಹುಡುಗಿ ಅಂತ ಹೆದರಿ, ಬಂದ ಮೊದಲನೇ ವರಕ್ಕ ಕೊಟ್ಟು ಕೈ ತೊಳಕೋತಾಳ. ಹಾಸ್ಟೆಲ್ಲಿಗೆ ಹೋದ್ನೆಪ್ಪಾ ಅಂದ್ರ ಎಲ್ಲಾದ್ರಿಂದ ಪಾರಾದೆ. ಯಾರ ಮುಂದೂ ಹೇಳಬ್ಯಾಡ್ರಿ."

"ಹೇಳಿದ್ರ ನನ್ನ ಮಾತ ಹೋಗತೈತಿ, ಹೇಳದಿದ್ರ ಆಕಿ ಕಾಲ ಹೋಗತೈತಿ. ಏನ್ ಮಾಡ್ಲಿ ಮೇಡಂ?" ಎಂದು ನನ್ನ ವಿದ್ಯಾರ್ಥಿನಿ ಅಳತೊಡಗಿದಳು.

ಮಾರನೇ ದಿನ ಹುಬ್ಬಳ್ಳಿಯ ಮೂಳೆ ಡಾಕ್ಟರೊಬ್ಬರಿಗೆ, ಯಾರೆಂದು ಹೇಳದೆ, ಮೊಣಕಾಲಿನ ಲಕ್ಷಣ ವಿವರಿಸಿದೆ. ತೋರಿಸುವವರೆಗೆ ಆ ಕಾಲಿನಲ್ಲಿ ಕುಸ್ತಿ ಕೂಡದು ಎಂದರು ಅವರು. ಒಬ್ಬ ಆಟಗಾರ್ತಿಗೆ ಹೀಗಾಗಿದೆ ಎಂದಷ್ಟೇ ಸ್ಟಾಪ್‌ವಾಚಿನವರಿಗೆ ಹೇಳಿದೆ. "ಇದರಾಗ ವಿಚಾರ ಮಾಡೂದೇನೈತಿ? ಅವರಪ್ಪಗ ಒಂದ ಫೋನ್ ಹಚ್ರಿ, ಮುಗೀತು," ಎಂದರು. ಅವರು ಕೆಟ್ಟವರಲ್ಲ, ಅವರಿಗೆ ಕಾಲಷ್ಟೇ ಕಾಣುತ್ತದೆ. ಕದ್ದು ಫೋನ್ ಮಾಡಿದರೆ ಆ ಹುಡುಗಿ ಜನ್ಮದಲ್ಲಿ ಇನ್ಯಾರ ಹತ್ತಿರವೂ ನೋವು ಹೇಳಿಕೊಳ್ಳುವುದಿಲ್ಲ. ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡು ಕೂರುವವಳೂ ನಾನಲ್ಲ. ಹೇಳಿದ್ದನ್ನು ಹೇಳಿದವರಿಗೇ ಮರಳಿ ಓದಿ, ಸರಿಯಾಗಿದೆಯೇ ಎಂದು ಕೇಳುವ ಪದ್ಧತಿ ನಮ್ಮ ಕೆಲಸದಲ್ಲಿದೆ. ಅದನ್ನು ಈಗಲೇ ಮಾಡೋಣ ಎಂದು ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಆಗಲೂ ಆ ಹುಡುಗಿ ಮನೆಯಲ್ಲಿ ಹೇಳಲು ಒಪ್ಪದಿದ್ದರೆ, ತಂದೆಗೆ ಹೇಳುತ್ತೇವೆಂದು ಅವಳ ಎದುರೇ ಹೇಳಿ, ಆಮೇಲೆ ಹೇಳುವುದು. ನಿರ್ಧಾರ ಗಟ್ಟಿಯಾಗಿತ್ತು.

ಗರಡಿಗೆ ಉಳಿದ ಹುಡುಗಿಯರು ಬರುವ ಮುಂಚೆ ಹೋದೆವು. ನನ್ನ ವಿದ್ಯಾರ್ಥಿನಿ ಓದಿದಳು. ಗುರುತು ಹತ್ತಬಾರದೆಂದು ಅಪ್ಪ, ಅತ್ತೆ, ಊರು, ಹಾಸ್ಟೆಲ್ಲು ಎಲ್ಲ ತೆಗೆದು "ಮನೆಯವರು", "ಆಯ್ಕೆ" ಎಂದಷ್ಟೇ ಮಾಡಿದ್ದಳು. ನಡುನಡುವೆ "ಸುಮ್ಮನಾದಳು", "ಮೊಣಕಾಲು ಒತ್ತಿಕೊಂಡಳು" ಎಂದಿದ್ದದ್ದನ್ನೂ ಬಿಡದೆ ಓದಿದಳು. ಹುಡುಗಿ ಸಲಿಕೆ ಹಿಡಿದು ನಿಂತೇ ಕೇಳಿದಳು. ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಸಲಿಕೆಯ ತುದಿಯಿಂದ ಮಣ್ಣು ಕೆದಕುತ್ತ ಹುಡುಗಿ ಕೇಳಿದಳು:

"ಇದರಾಗ ನಾ ಅಂತ ಗೊತ್ತ ಆಗೂದಿಲ್ಲಲ್ರೀ?"

"ಇಲ್ಲವಾ."

"ಹಂಗಾದ್ರ ಅಪ್ಪನ ಮುಂದ ಓದ್ರಿ. ಅಂವಾ ಏನಂತಾನ ಕೇಳೂಣು. ನನಗ ಹೇಳಾಕ ಬಾಯಿ ಬರೂದಿಲ್ರಿ."

ಖರೆ ಓದಬೇಕೇನು, ಇನ್ನೊಮ್ಮೆ ವಿಚಾರ ಮಾಡು ಎಂದೆ. "ಓದ್ರಿ," ಎಂದಳು.

ವಸ್ತಾದರು ಬಂದು ಕಟ್ಟೆಯ ಮೇಲೆ ಕೂತರು. ಒಬ್ಬ ಕುಸ್ತಿ ಹುಡುಗಿ ಹೇಳಿದ್ದನ್ನು ಓದುತ್ತೇವೆ, ನಿಮ್ಮ ಅಭಿಪ್ರಾಯ ಹೇಳಿ ಎಂದೆ. ಮೊದಲ ಸಾಲುಗಳಿಗೆ ತಲೆದೂಗಿದರು. ಹಳೇ ಸೀರೆ ಹರಿದು ಕಟ್ಟಿಕೊಂಡ ಮಾತಿಗೆ ಮುಂದಕ್ಕೆ ಬಾಗಿ ಕೂತರು. ಓದಿ ಮುಗಿಯುತ್ತಲೇ ಸಿಡಿದರು.

"ಆ ಹುಡುಗಿನ್ನ ಮಣ್ಣಿಗೆ ಇಳಸಬಾರದ್ರಿ! ಅಕಿ ವಸ್ತಾದ ಯಾಂವ ಅಂವಾ? ಕಣ್ಣು ಕಾಣೂದಿಲ್ಲೇನ ಅವಂಗ? ಹುಡುಗಿ ಕಾಲ ಎಳದು ನಡದ್ರ ಗೊತ್ತ ಆಗಬೇಕಲ್ರೀ. ಇಲ್ಲಿ ನೋಡ್ರಿ, ನಮ್ಮಾಕಿ ಇತ್ತೀಚಿಗೆ ಮೈಗಳ್ಳಿ ಆಗ್ಯಾಳ, ನನಗ ಒಂದ ದಿನದಾಗ ಗೊತ್ತಾತು."

ನನ್ನ ವಿದ್ಯಾರ್ಥಿನಿ ಹಾಳೆಯಲ್ಲಿ ಮುಖ ಹುದುಗಿಸಿದಳು. ಇಲ್ಲಿಂದ ಮುಂದಿನದು ನಮ್ಮದಲ್ಲ ಎಂದು ನಾನು ಹಿಂದೆ ಸರಿದು ನಿಂತೆ. ಹುಡುಗಿ ಸಲಿಕೆ ಗೋಡೆಗಿಟ್ಟು, ಅಪ್ಪನ ಎದುರು ನೆಲದ ಮೇಲೆ ಕೂತು, ಪ್ಯಾಂಟನ್ನು ಮೇಲಕ್ಕೆ ಸರಿಸಿದಳು. ಹಸಿರು ಸೀರೆಯ ಪಟ್ಟಿ ಕಂಡಿತು. ಅದನ್ನು ಒಂದೊಂದೇ ಸುತ್ತು ಬಿಚ್ಚಿದಳು. ಮೊಣಕಾಲು ಊದಿತ್ತು.

ಅವರು ಕಟ್ಟೆಯಿಂದ ಇಳಿದು ಮಣ್ಣಿನಲ್ಲೇ ಕೂತರು. ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಎಲ್ಲಿ ನೋಯತೈತಿ, ತೋರಸವಾ," ಎಂದರು. ಅವಳು ಬೆರಳಿಟ್ಟು ತೋರಿಸಿದಳು. ತೋರಿಸುತ್ತ ಅಳತೊಡಗಿದಳು, ನಮಗೂ ತಡೆಯಲಾಗಲಿಲ್ಲ.

ಆ ಟ್ರಯಲ್ಸಿಗೆ ಅವಳು ಹೋಗಲಿಲ್ಲ. ಆ ದಿನ ನಮ್ಮಿಬ್ಬರ ಫೋನನ್ನೂ ಎತ್ತಲಿಲ್ಲ. ಸಿಟ್ಟಿದ್ದರೆ ಇರಲಿ, ಅದು ಅವಳ ಹಕ್ಕು. ಹುಬ್ಬಳ್ಳಿಯಲ್ಲಿ ಕಾಲಿಗೆ ಸಣ್ಣದೊಂದು ಆಪರೇಷನ್ ಆಯಿತು. ಮನೆಯಲ್ಲಿ ಅವಳಪ್ಪ, ಕಾಲು ನೆಟ್ಟಗಾಗಿ ಅವಳು ಮತ್ತೆ ಮಣ್ಣಿಗಿಳಿಯುವತನಕ ಲಗ್ನದ ಮಾತು ಎತ್ತಬೇಡ ಎಂದು ಅವಳ ಸೋದರತ್ತೆಗೆ ಖಡಕ್ಕಾಗಿ ಹೇಳಿದರಂತೆ. ಈಗವಳು ಗರಡಿಯ ಕಟ್ಟೆಯ ಮೇಲೆ ಕೂತು ಚಿಕ್ಕ ಹುಡುಗಿಯರಿಗೆ ಪಟ್ಟು ಹೇಳಿಕೊಡುತ್ತಾಳೆ, ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಾಳೆ, ಮುಂದಿನ ಟ್ರಯಲ್ಸ್ ಯಾವಾಗ ಎಂದು ವಿಚಾರಿಸುತ್ತಾಳೆ.

ಪ್ರಬಂಧ ಸಿದ್ಧವಾದಾಗ ನಾವು ಅವಳಿಗೆ ತೋರಿಸಲು ಗರಡಿಗೆ ಹೋದೆವು. ತನ್ನ ಮಾತಿರುವ ಪುಟಗಳನ್ನು ಓದಿಕೊಂಡು ಅವಳು ಹುಬ್ಬುಗಂಟಿಕ್ಕಿದಳು.

"ಇಷ್ಟೆಲ್ಲಾ ನಂದ ಐತಿ, ನನ್ನ ಹೆಸರ ಯಾಕ ಇಲ್ರಿ? ಈಗ ನನಗ ಯಾರ ಹೆದರಿಕಿನೂ ಇಲ್ಲ. ಹಾಕ್ರಿ ಮೇಡಂ."

"ಹಾಕೂದಿಲ್ಲವಾ. ಹೆಸರ ಇದ್ದಿದ್ರ ಅವತ್ತ ನಿಮ್ಮಪ್ಪ ಕಡೀತನಕ ಕೇಳತಿದ್ರೇನು?" ಎಂದೆ.

ಅವಳು ಅವತ್ತು ಅಪ್ಪ ಕೂತಿದ್ದ ಕಟ್ಟೆಯ ಕಡೆ ನೋಡಿದಳು. "ಇಲ್ರಿ. ನನ್ನ ಹೆಸರ ಕೇಳಿದ್ರ, ನಮ್ಮಾಕಿಗೆ ನೋವು ಗೀವು ಏನೂ ಇಲ್ಲ ಅಂತ ಎದ್ದ ಹೋಗತಿದ್ದ."

"ಇದನ್ನ ಇನ್ನೊಬ್ಬಾಕಿ ಅಪ್ಪನೂ ಓದಬೇಕಲ್ಲ."

ಅವಳು ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು.

"ಹಂಗಾದ್ರ ಹೆಸರ ಬ್ಯಾಡ ಬಿಡ್ರಿ," ಎಂದಳು.