ಕೂರದ ಕಾವಲುಗಾರ

ಮಧುಗಿರಿಯ ನಮ್ಮ ಗಾರ್ಮೆಂಟ್ಸ್ ಕಟ್ಟಡ ಮೊದಲು ಕಡಲೆಕಾಯಿ ಮಿಲ್ಲಾಗಿತ್ತು. ಮಿಲ್ಲಿನ ಕಾವಲುಗಾರನನ್ನೇ ನಾವೂ ಉಳಿಸಿಕೊಂಡೆವು. ಕುರಿ ಮೇಯಿಸಿ ಬೆಳೆದ ಆಳು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಗೇಟಿನಿಂದ ಗೋಡೆಗೆ, ಗೋಡೆಯಿಂದ ಗೇಟಿಗೆ ನಡೆಯುತ್ತಲೇ ಇರುತ್ತಿದ್ದ. ಕರೆದರೆ ಒಂದೇ ಮಾತು: "ಇರಿ ಸಾ, ಒಂದ್ಕಿತ ನೋಡ್ಬುಟ್ಟು ಬತ್ತೀನಿ."

ಮೊದಲು ಆತ ಮೂಟೆ ಕಾಯುತ್ತಿದ್ದ. ಈಗ ಗೇಟು ದಾಟುವವರು ಇನ್ನೂರು ಹೆಂಗಸರು. ಆತನಿಂದಾಗದು ಎಂದುಕೊಂಡು ನಾನು ಬರುವಾಗ, ಹೋಗುವಾಗ ಕಾರ್ಡ್ ತೋರಿಸಬೇಕಾದ ಯಂತ್ರ ಹಾಕಿಸಿದೆ. "ನಾಳೆಯಿಂದ ನಿನಗೆ ಹಿಂದಿನ ಗೇಟು" ಎಂದೂ ಹೇಳಿದೆ.

ಆ ಸಂಜೆ ಎಲ್ಲರೂ ಹೊರಟ ಮೇಲೆ ನಾನು ಬೀಗ ಹಾಕಲು ಹೋದರೆ ಆತ ಅಡ್ಡ ನಿಂತ.

"ಹಾಕ್ಬ್ಯಾಡಿ ಸಾ. ಕೊಳಾಲದಿಂದ ಬರೋ ಯಮ್ಮ ಇನ್ನೂ ಈಚೆಗೆ ಬಂದಿಲ್ಲ."

"ಎಲ್ಲರ ಕಾರ್ಡೂ ಯಂತ್ರದಲ್ಲಿ ಬಿದ್ದಿದೆಯಲ್ಲಯ್ಯಾ!" ಎಂದು ರೇಗಿದೆ.

ಆತ ಬೀಗ ಕಿತ್ತುಕೊಂಡು ಒಳಗೆ ಓಡಿದ. ಬಟ್ಟೆ ಸುರುಳಿಗಳ ಹಿಂದೆ ಆಕೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹಿಂದೆಯೇ ಬರುತ್ತೇನೆಂದು ಹೇಳಿ ಕಾರ್ಡನ್ನು ಗೆಳತಿಯ ಕೈಗೆ ಕೊಟ್ಟಿದ್ದಳಂತೆ; ಗೆಳತಿ ಎರಡು ಕಾರ್ಡನ್ನೂ ಯಂತ್ರಕ್ಕೆ ತೋರಿಸಿ ಹೋಗಿದ್ದಳು.

ಆಕೆಗೆ ನೀರು ಕುಡಿಸಿ ಕೂರಿಸಿದ ಮೇಲೆ ಕೇಳಿದೆ, "ಅಷ್ಟು ಜನರನ್ನು ಹೇಗಯ್ಯಾ ಎಣಿಸಿದೆ?"

"ಮಂದೇನ ಯಾರಾದ್ರೂ ಎಣಿಸ್ತಾರಾ ಸಾ? ಮಕ ನೋಡ್ತೀವಿ."

ಹಿಂದಿನ ಗೇಟಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಆತ ಕೆಲಸ ಬಿಟ್ಟು ಬಹಳ ದಿನವಾಯಿತು. ಈಗಲೂ ಸಂಜೆ ಯಂತ್ರ ಎಲ್ಲರೂ ಹೋದರೆಂದು ತೋರಿಸುತ್ತದೆ. ನಾನು ಬೀಗ ಹಿಡಿದು, ನೋಡಿಬರಲು ಮತ್ತೆ ಮತ್ತೆ ಒಳಗೆ ಹೋಗುತ್ತೇನೆ. ಯಾರನ್ನು ಹುಡುಕಲಿ? ನನಗೆ ಒಬ್ಬರ ಮುಖವೂ ಗೊತ್ತಿಲ್ಲ.