ನಾನು ಊರಿನ ಹೆಸರು ಹೇಳಿದ್ದೆ

ಕಾನೂನು ಕಾಲೇಜಿನ ಮೊದಲ ವರ್ಷದಲ್ಲಿ ನಮ್ಮ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, ಮುಂದೆ ಯಾವ ಕೇಸು ನಡೆಸುತ್ತೀರಿ ಎಂದು ಕೇಳಿದರು. ಹುಡುಗರಲ್ಲಿ ಹೆಚ್ಚಿನವರು ಕ್ರಿಮಿನಲ್ ಅಂದರು. ಕೆಲವರು ಜಮೀನಿನ ಕೇಸು ಅಂದರು. ನನ್ನ ಸರದಿ ಬಂದಾಗ "ಫ್ಯಾಮಿಲಿ ಕೇಸ್ ರೀ ಮೇಡಂ" ಅಂದೆ. ಹಿಂದಿನ ಬೆಂಚಿನಿಂದ ಯಾರೋ "ಡೈವೋರ್ಸ್ ವಕೀಲಮ್ಮ" ಅಂದ. ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ಯಾಕ?" ಅಂತ ಕೇಳಿದರು.

"ಹಂಗೇ ರೀ" ಅಂದು ಕೂತುಬಿಟ್ಟೆ.

ಉತ್ತರ ಇರಲಿಲ್ಲ ಅಂತಲ್ಲ. ಅದನ್ನು ಹೇಳಬೇಕಾದರೆ ಭಾಲ್ಕಿಯ ನಮ್ಮ ಮನೆಯಿಂದ ಸುರುಮಾಡಬೇಕಿತ್ತು. ಅಷ್ಟು ಮಂದಿಯ ಮುಂದೆ ಅದು ಆಗುತ್ತಿರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಅವ್ವ ಔರಾದ ತಾಲೂಕಿನ ಚಿಂತಾಕಿಯವಳು. ನಮ್ಮ ಮನೆಯಲ್ಲಿ ಜಗಳ ಇರಲಿಲ್ಲ. ಅಪ್ಪ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ, ಅಷ್ಟೇ. ಅವ್ವ ಎದುರಿಗೇ ರೊಟ್ಟಿ ನೀಡುತ್ತಾ ಕೂತಿದ್ದರೂ ನನ್ನ ಕಡೆ ತಿರುಗಿ, "ನಿಮ್ಮವ್ವಗ ಹೇಳು, ಪಲ್ಯಾಕ ಉಪ್ಪು ಹೆಚ್ಚಾಗ್ಯದ" ಅನ್ನುತ್ತಿದ್ದ. ನಾನು ಅವ್ವನ ಕಡೆ ತಿರುಗಿ, "ಅವ್ವಾ, ಪಲ್ಯಾಕ ಉಪ್ಪು ಹೆಚ್ಚಾಗ್ಯದಂತ" ಅನ್ನುತ್ತಿದ್ದೆ. ಚಿಕ್ಕವಳಿದ್ದಾಗ ಅದೊಂದು ಆಟ ಅಂದುಕೊಂಡಿದ್ದೆ. ಒಂದು ವರ್ಷ ನಾಗರಪಂಚಮಿಯಿಂದ ದೀಪಾವಳಿಯವರೆಗೆ ಆ ಆಟ ನಡೆಯಿತು. ಅವ್ವ ಮಾತಿನ ಮನುಷ್ಯಳು. ಹಾಲು ಹಾಕುವವಳ ಜೊತೆ, ಬಾಗಿಲಿಗೆ ಬಂದ ಬಳೆಗಾರನ ಜೊತೆ ಅರ್ಧ ತಾಸು ನಿಲ್ಲುತ್ತಿದ್ದಳು. ಆಮೇಲಾಮೇಲೆ ಅವರ ಜೊತೆಗೂ ಕಡಿಮೆ ಮಾಡಿದಳು.

ನಾನು ಐದನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವ್ವ, ನಾನು ಇಬ್ಬರೂ ಚಿಂತಾಕಿಗೆ ಹೋದೆವು. ಸಾಲಿ ಸುರುವಾಗುವ ಹೊತ್ತಿಗೆ ಅವ್ವ ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ಸೋದರಮಾವನ ಜೊತೆ ಬಸ್ಸಿಗೆ ಕೂರಿಸಿದಳು. "ನೀ ನಡಿ, ಸಾಲಿ ತಪ್ಪಬಾರ್ದು. ನಾ ಹಿಂದಿಂದ ಬರ್ತೀನಿ" ಅಂದಳು. ಬರಲಿಲ್ಲ. ಮಳೆಗಾಲ ಮುಗಿಯುವಾಗ ಕೋರ್ಟಿನ ನೋಟೀಸು ಬಂತು. ಅವ್ವನಿಗೆ ಬಿಡುಗಡೆ ಬೇಕಿತ್ತು, ನಾನೂ ಬೇಕಿದ್ದೆ. ಬಿಡುಗಡೆಗೆ ಅಪ್ಪ ಕೆಲವೇ ತಿಂಗಳಲ್ಲಿ ಒಪ್ಪಿದ. ನನ್ನನ್ನು ಕೊಡಲು ಒಪ್ಪಲಿಲ್ಲ.

ಹಾಗಾಗಿ ಒಂದು ದಿನ ನನ್ನನ್ನು ಬೀದರಿಗೆ ಕರೆದುಕೊಂಡು ಹೋದರು. ಅಪ್ಪ, ನಮ್ಮ ಮನೆಯಲ್ಲೇ ಇದ್ದ ಅಪ್ಪನ ಅಕ್ಕ ಅತ್ತಿ, ಮತ್ತು ಇಸ್ತ್ರಿ ಮಾಡಿದ ಸಾಲಿ ಡ್ರೆಸ್ಸಿನಲ್ಲಿ ನಾನು. ಕೋರ್ಟಿನ ಮೊಗಸಾಲೆಯಲ್ಲಿ ಅವ್ವ ಆ ಕಡೆ ಗೋಡೆಗೆ ನಿಂತಿದ್ದಳು. ಹಸಿರು ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ ನಕ್ಕಳು. ನಾನು ಓಡಬೇಕೆಂದರೆ ಅತ್ತಿ ಮಣಿಕಟ್ಟು ಹಿಡಿದುಕೊಂಡಿದ್ದಳು.

ಒಳಗೆ ಜಡ್ಜ್ ಮೇಡಂ ಬಲು ಪ್ರೀತಿಯಿಂದ ಮಾತಾಡಿಸಿದರು. ಬಿಸ್ಕತ್ತು ಕೊಟ್ಟರು. ಯಾವ ಪಾಠ ಇಷ್ಟ, ಗೆಳತಿಯರು ಎಷ್ಟು ಮಂದಿ ಎಂದೆಲ್ಲ ಕೇಳಿದ ಮೇಲೆ, "ನಿನಗೆ ಎಲ್ಲಿರೋಕೆ ಇಷ್ಟ, ಹೇಳಮ್ಮ?" ಅಂದರು.

ಈಗ ಹೇಳಿದರೆ ನಗು ಬರಬಹುದು. ಜಡ್ಜ್ ಅಂದರೆ ನಾವು ಮೂವರೂ ಯಾವ ಊರಲ್ಲಿ ಇರಬೇಕು ಅಂತ ಹೇಳುವವರು ಎಂದು ನಾನು ತಿಳಿದಿದ್ದೆ. ಅವ್ವ ಚಿಂತಾಕಿ ಅನ್ನುತ್ತಾಳೆ, ಅಪ್ಪ ಭಾಲ್ಕಿ ಅನ್ನುತ್ತಾನೆ, ಅದಕ್ಕೇ ನನ್ನನ್ನು ಕೇಳುತ್ತಿದ್ದಾರೆ. ಚಿಂತಾಕಿಯ ಮನೆ ಸಣ್ಣದು, ಮಾವನ ಮಕ್ಕಳೇ ನಾಲ್ಕು ಜನ. ಭಾಲ್ಕಿಯಲ್ಲಿ ಅವ್ವನ ಟ್ರಂಕು ಇತ್ತು, ಹೊಲಿಗೆ ಮಷೀನು ಇತ್ತು, ಮೂವರಿಗೂ ಜಾಗ ಇತ್ತು. ವಿಚಾರ ಮಾಡಿಯೇ ಹೇಳಿದೆ: "ಭಾಲ್ಕಿಯಾಗ ಇರ್ತೀನ್ರಿ."

"ಅಪ್ಪನ ಹತ್ತಿರ?"

ಅಪ್ಪ ಭಾಲ್ಕಿಯಲ್ಲೇ ಇದ್ದನಲ್ಲ. "ಹೂಂ ರೀ" ಅಂದೆ.

"ಯಾರಾದರೂ ಹೀಗೆ ಹೇಳು ಅಂತ ಹೇಳಿಕೊಟ್ಟಿದ್ದಾರಾ?"

"ಇಲ್ಲರಿ."

ಅದೂ ಖರೇನೇ ಇತ್ತು.

ಹೊರಗೆ ಬಂದು ಎರಡನೆಯ ಬಿಸ್ಕತ್ತು ತಿನ್ನುತ್ತಾ ಕಾಯುತ್ತಿದ್ದೆ. ಬಹಳ ಹೊತ್ತಿನ ಮೇಲೆ ಎಲ್ಲರನ್ನೂ ಒಳಗೆ ಕರೆದರು, ಎಲ್ಲರೂ ಹೊರಗೆ ಬಂದರು. ಅವ್ವ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟಳು, ಮೆಟ್ಟಿಲು ಇಳಿದು ಹೋದಳು. "ಅವ್ವನ ಬ್ಯಾಗ್ ಎಲ್ಲದ? ನಮ್ಮ ಜೋಡಿ ಬರೂದಿಲ್ಲೇನು?" ಎಂದು ಅತ್ತಿಯನ್ನು ಕೇಳಿದೆ. ಅತ್ತಿ ನನ್ನ ಮುಖ ನೋಡಿ, ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದರು.

ಆಮೇಲೆ ತಿಂಗಳಿಗೊಂದು ಆದಿತ್ಯವಾರ ಬೀದರಿನ ಪಾರ್ಕಿನಲ್ಲಿ ಅವ್ವನ ಭೇಟಿ. ಹಳೆಯ ಗುಮ್ಮಟಗಳ ನಡುವೆ ಇರುವ ಆ ಪಾರ್ಕಿನ ಗೇಟಿನವರೆಗೆ ಅಪ್ಪ ಬಿಡುತ್ತಿದ್ದ, ಹೊರಗೆ ಚಹಾ ಬಂಡಿಯ ಹತ್ತಿರ ನಿಂತಿರುತ್ತಿದ್ದ. ಅವ್ವ ಡಬ್ಬಿಯಲ್ಲಿ ಚುರುಮುರಿಯ ಸುಸಲಾ ತರುತ್ತಿದ್ದಳು. ನಾನು ತಿನ್ನುವುದನ್ನು ನೋಡುತ್ತಾ ಕೂರುತ್ತಿದ್ದಳು. "ಅಭ್ಯಾಸ ಹ್ಯಾಂಗ ನಡದದ?" "ಛಲೋ ನಡದದ." "ಉಣ್ಣಾಕ ಸರಿಯಾಗಿ ಮಾಡಿ ಹಾಕ್ತಾರಲ್ಲ?" "ಹೂಂ." ನೆಂಟರ ಮನೆಯ ಕೂಸನ್ನು ಮಾತಾಡಿಸಿದ ಹಾಗೆ. ಬಾಯ ತುಂಬ ಮಾತಾಡುವ ಅವ್ವ ನನ್ನ ಮುಂದೆ ಮಾತು ಹುಡುಕುತ್ತಿದ್ದಳು. ನನ್ನನ್ನು ಬಿಟ್ಟುಹೋದವಳು, ಈಗ ಬರಬೇಕಲ್ಲ ಅಂತ ಬರುತ್ತಾಳೆ ಎಂದು ನನಗೆ ಅನಿಸತೊಡಗಿತು. ಎರಡನೆಯ ವರ್ಷ ಒಂದೆರಡು ಭೇಟಿ ತಪ್ಪಿದವು. ಅವ್ವ ಔರಾದಿನಲ್ಲಿ ಒಂದು ಕೋಲಿ ಬಾಡಿಗೆ ಹಿಡಿದು ಹೊಲಿಗೆ ಅಂಗಡಿ ಇಟ್ಟಳು. ನಾನು ಎಂಟನೆಯ ಕ್ಲಾಸಿಗೆ ಬರುವ ಹೊತ್ತಿಗೆ ಆದಿತ್ಯವಾರಗಳು ನಿಂತೇಹೋದವು. ನಾನೂ ಕೇಳಲಿಲ್ಲ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಅದೂ ಎರಡು ನಿಮಿಷ.

ಅತ್ತಿ ತನ್ನ ಮಗಳ ಬಾಣಂತನಕ್ಕೆಂದು ಉದಗೀರಿಗೆ ಹೋದವಳು ಅಲ್ಲೇ ಉಳಿದಳು. ಮನೆಯಲ್ಲಿ ಅಪ್ಪ, ನಾನು. ಅಪ್ಪನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಮಾತಾಡುವ ರೂಢಿಯೇ ತಪ್ಪಿಹೋಗಿತ್ತು. ನನ್ನ ಪುಸ್ತಕಗಳಿಗೆಲ್ಲ ಅಪ್ಪನೇ ರಟ್ಟು ಹಾಕುತ್ತಿದ್ದ, ಮೇಲೆ ಬಲು ಚಂದದ ಅಕ್ಷರದಲ್ಲಿ ನನ್ನ ಹೆಸರು ಬರೆಯುತ್ತಿದ್ದ. ಪೆನ್ಸಿಲುಗಳನ್ನು ಕೆತ್ತಿ ಸಾಲಾಗಿ ಇಡುತ್ತಿದ್ದ. ನಾನು ದೊಡ್ಡವಳಾದ ದಿನ ಏನಾಯಿತೆಂದು ಹೇಳಲು ಯಾರೂ ಇರಲಿಲ್ಲ. ಬಚ್ಚಲದ ಬಾಗಿಲು ಹಾಕಿಕೊಂಡು ಅಳುತ್ತಾ ಕೂತಿದ್ದೆ. ಅಪ್ಪ ಹೊರಗಿನಿಂದ ಒಮ್ಮೆ ಕರೆದ, ಮೆಟ್ಟು ಹಾಕಿಕೊಂಡು ಹೊರಗೆ ಹೋದ. ಮೆಡಿಕಲ್ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟು, ನಾನು ಹೊರಗೆ ಬರಲೆಂದು ಮತ್ತೆ ಮನೆಯಿಂದ ಹೋದ. ಅದಕ್ಕಿಂತ ಹೆಚ್ಚು ಅವನಿಂದ ಆಗುತ್ತಿರಲಿಲ್ಲ. ಮನೆಯಲ್ಲಿ ಒಂದು ದನಿ ಇರಲಿ ಅಂತ ನಾನು ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಓದುವುದು ನಿಂತರೆ ಗಡಿಯಾರ ಕೇಳಿಸುತ್ತಿತ್ತು.

ಡಿಗ್ರಿ ಭಾಲ್ಕಿಯಲ್ಲೇ ಆಯಿತು. ಕಾನೂನು ಓದಲು ಬೀದರಿಗೆ ಬಂದೆ. ಎರಡನೆಯ ವರ್ಷ ಒಬ್ಬ ಹಿರಿಯ ವಕೀಲೆಯ ಆಫೀಸಿಗೆ ಕೆಲಸ ಕಲಿಯಲು ಹೋಗತೊಡಗಿದೆ. ಅಲ್ಲಿ ಒಂದು ಫೈಲಿನಲ್ಲಿ ಮಗುವಿನ ಹೇಳಿಕೆ ಅಂತ ಅರ್ಧ ಪುಟ ನೋಡಿದೆ. ನನ್ನದೂ ಹೀಗೊಂದು ಅರ್ಧ ಪುಟ ಎಲ್ಲೋ ಇರಬೇಕು ಅನ್ನುವುದು ಅವತ್ತೇ ಮೊದಲ ಸಲ ಹೊಳೆಯಿತು. ನಮ್ಮ ಸೀನಿಯರ್‌ಗೆ ಹೇಳಿದೆ.

"ಹಳೇ ಕೇಸ್ ಅದ, ರೆಕಾರ್ಡ್ ರೂಮಿನಾಗ ಇರ್ತದ" ಅಂದರು. "ತೆಗಸೋಣು. ಆದ್ರ ಅಪ್ಪಂದರ, ಅವ್ವಂದರ, ಒಬ್ಬರ ಸಹಿ ಬೇಕು. ವಿಚಾರ ಮಾಡಿ ನೋಡವ್ವ. ಓದಿದ ಮ್ಯಾಲ ಓದಿಲ್ಲ ಅನ್ನಾಕ ಬರೂದಿಲ್ಲ."

ಶನಿವಾರ ಭಾಲ್ಕಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದ. ಅರ್ಜಿ ಮುಂದೆ ಹಿಡಿದೆ. ಓದಿದ. ಕೈ ಒರೆಸಿಕೊಂಡು ಸಹಿ ಮಾಡಿದ. ಕೊಡುವಾಗ ಅಂದ:

"ಅದರಾಗ ನೀ ಹೇಳಿದ್ದು ಬರದಾರ. ಅಪ್ಪನ ಹಂತೇಕ ಇರ್ತೀನಿ ಅಂದಿದ್ದಿ."

ನಾನು ಅರ್ಜಿ ಮಡಚಿ ಚೀಲದಲ್ಲಿಟ್ಟೆ.

"ಯಾರೂ ಹೇಳಿಕೊಟ್ಟಿರಲಿಲ್ಲ. ನೀನೇ ಅಂದಿದ್ದಿ" ಅಂದ. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ನೋಡಿರಲಿಲ್ಲ. ಇಷ್ಟು ವರ್ಷ ಮಾತಿಲ್ಲದ ಆ ಮನೆಯಲ್ಲಿ ಅವನು ಯಾವುದನ್ನು ಹಿಡಿದುಕೊಂಡು ಬದುಕಿದ್ದ ಅನ್ನುವುದು ತಿಳಿಯಿತು.

ನಕಲು ಕೈಗೆ ಬಂದ ದಿನ ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಓದಿದೆ. 'ಮಗುವು ಯಾವುದೇ ಒತ್ತಡವಿಲ್ಲದೆ ತಂದೆಯೊಂದಿಗೆ ವಾಸಿಸಲು ಇಚ್ಛಿಸಿರುವುದಾಗಿ ತಿಳಿಸಿರುತ್ತದೆ' ಎಂದಿತ್ತು. ಒಂದು ಅಕ್ಷರವೂ ಸುಳ್ಳಲ್ಲ. ಬರೆದವರ ತಪ್ಪಿಲ್ಲ, ಕೇಳಿದವರ ತಪ್ಪಿಲ್ಲ. ಅವರು ಮನುಷ್ಯರನ್ನು ಕೇಳಿದ್ದರು, ನಾನು ಊರಿನ ಹೆಸರು ಹೇಳಿದ್ದೆ. ಅಲ್ಲಿಂದ ಎದ್ದು ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಔರಾದ ಬಸ್ಸು ಹತ್ತಿದೆ.

ಅವ್ವ ಅಂಗಡಿಯಲ್ಲಿ ಯಾರದೋ ಜಂಪರಿನ ಅಳತೆ ತೆಗೆಯುತ್ತಿದ್ದಳು. ಹೇಳದೆ ಕೇಳದೆ ಬಂದ ನನ್ನನ್ನು ನೋಡಿ ಗಾಬರಿಯಾದಳು. "ಯಾಕ? ನಿಮ್ಮಪ್ಪ ಆರಾಮದಾನಲ್ಲ?" ಅಂದಳು. ಗಿರಾಕಿ ಹೋದ ಮೇಲೆ ಕಾಗದ ಕೊಟ್ಟೆ.

ಅವ್ವ ಅದನ್ನು ಬಿಡಿಸಲೇ ಇಲ್ಲ. "ಇದು ನನಗ ಬಾಯಿಪಾಠ ಅದ" ಅಂದಳು.

ನಾನು ಹೇಳಿದೆ. ಟ್ರಂಕು, ಹೊಲಿಗೆ ಮಷೀನು, ಮೂವರಿಗೆ ಜಾಗ, ಎಲ್ಲ. ಹೇಳುವಾಗ ನನ್ನ ದನಿ ಹನ್ನೊಂದು ವರ್ಷದ ಹುಡುಗಿಯದಾಗಿತ್ತು. ಅವ್ವ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿನ ಬಟ್ಟೆಯಿಂದ ದಾರದ ತುಣುಕುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕೀಳಲು ಏನೂ ಉಳಿಯದಾದಾಗ ತಲೆ ಎತ್ತಿದಳು.

"ನೀ ನನ್ನ ಒಮ್ಮಿಯೂ ಯಾಕ ಕೇಳ್ಲಿಲ್ಲ? ಅವ್ವಾ, ಮನಿಗಿ ಯಾಕ ಬರಲಿಲ್ಲ ಅಂತ?"

"ನೀ ಯಾಕ ಕೇಳ್ಲಿಲ್ಲ ಅವ್ವ?"

"ನಾ ಹ್ಯಾಂಗ ಕೇಳ್ಲಿ? ಹಡದ ಕೂಸೇ ಬ್ಯಾಡ ಅಂದ ಮ್ಯಾಲ ಯಾವ ಮಾರಿ ತಗೊಂಡು ಕೇಳ್ಬೇಕು? ಪಾರ್ಕಿಗಿ ಬಂದಾಗೆಲ್ಲ, ಕೂಸಿಗಿ ತ್ರಾಸ ಕೊಡ್ತೀನೇನೋ ಅಂತ ಅನಸ್ತಿತ್ತು. ಅದಕ್ಕ ಬಿಟ್ಟೆ."

ಸಿನಿಮಾದಲ್ಲಾದರೆ ನಾವು ತಬ್ಬಿಕೊಂಡು ಅಳುತ್ತಿದ್ದೆವು. ಅವ್ವ ಕಣ್ಣೊರೆಸಿಕೊಂಡು ಎದ್ದಳು. "ನಿಂದ್ರು" ಅಂದಳು. ಟೇಪು ತಂದು ನನ್ನ ಭುಜ, ಎದೆ, ತೋಳು ಅಳೆದಳು. ಚೀಟಿಯ ಮೇಲೆ ಬರೆದುಕೊಂಡಳು. "ಎಷ್ಟ ಬೆಳದೀದಿ" ಅಂತ ತನಗೆ ತಾನೇ ಅಂದುಕೊಂಡಳು.

ಎರಡು ದಿನ ಅಲ್ಲಿದ್ದೆ. ಒಬ್ಬರದೊಬ್ಬರಿಗೆ ಏನೂ ಗೊತ್ತಿರಲಿಲ್ಲ. ಅವ್ವ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದಳು, ನಾನು ಸುಮ್ಮನೆ ಕುಡಿದೆ. ಅವಳ ಕೋಲಿಯಲ್ಲಿ ಒಬ್ಬರಿಗಾಗುವಷ್ಟೇ ಹಾಸಿಗೆ ಇತ್ತು. ಸಿಕ್ಕಿದ್ದು ಅವ್ವ ಹೌದು, ಕಳೆದ ಹನ್ನೊಂದು ವರ್ಷ ಮಾತ್ರ ಎಲ್ಲಿಯೂ ಸಿಗುವಂತಿರಲಿಲ್ಲ.

ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು: "ಇದನ್ನ ನಿಮ್ಮಪ್ಪಗ ಹೇಳ್ತೀಯೇನು?"

"ಗೊತ್ತಿಲ್ಲ."

"ಹೇಳಬ್ಯಾಡ" ಅಂದಳು. "ಅವಗ ಅದೊಂದರ ಇರಲಿ."

ಮಾತು ಬಿಟ್ಟೇ ತನ್ನನ್ನು ಮನೆ ಬಿಡಿಸಿದ ಮನುಷ್ಯನಿಗೆ ಅವ್ವ ಅಷ್ಟನ್ನು ಬಿಟ್ಟುಕೊಟ್ಟಳು. ನಾನು ಅಪ್ಪನಿಗೆ ಹೇಳಿಲ್ಲ. ಭಾಲ್ಕಿಗೆ ಹೋದಾಗಲೆಲ್ಲ ಅಪ್ಪನಿಗೆ ಚಹಾ ಮಾಡಿ ಕೊಟ್ಟು ತಿರುಗಿ ಬರುತ್ತೇನೆ. ಅಪ್ಪನ ಪ್ರೀತಿ ಸುಳ್ಳಿನ ಮೇಲೆ ನಿಂತದ್ದೇ ಅಂತ ಕೆಲವೊಮ್ಮೆ ಅನಿಸುತ್ತದೆ. ಆದರೆ ರಟ್ಟು ಹಾಕಿದ ಆ ಪುಸ್ತಕಗಳು ಸುಳ್ಳಲ್ಲ. ಈಗ ಜಡ್ಜ್ ಮೇಡಂ ಮತ್ತೆ ಕೇಳಿದರೆ ಏನು ಹೇಳುತ್ತಿದ್ದೆ? ನನಗೆ ಇವತ್ತಿಗೂ ತಿಳಿಯದು.

ಈಗ ಕೊನೆಯ ವರ್ಷ. ಬೀದರಿನಲ್ಲಿ ಒಂದು ಕೋಲಿ ಹಿಡಿದಿದ್ದೇನೆ. ಹೋದ ತಿಂಗಳು ನಮ್ಮ ಸೀನಿಯರ್ ನಡೆಸುವ ಕೇಸಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಅವಳ ಅಜ್ಜಿಯ ಜೊತೆ ಕರೆತಂದಿದ್ದರು. ಅವಳ ಅವ್ವ ಅಪ್ಪ ಕೋರ್ಟ್ ಹಾಲಿನಲ್ಲಿದ್ದರು. "ನೀ ಅಕಿ ಹಂತೇಕ ಕೂಡು. ಏನೂ ಕಲಸಬ್ಯಾಡ" ಅಂದರು ಸೀನಿಯರ್. ಹೇಳಿಕೊಡುವುದು ತಪ್ಪು ಅನ್ನುವುದು ನನಗೂ ಗೊತ್ತು.

ಹುಡುಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಾ ಹಾಕುತ್ತಾ ಕೂತಿದ್ದಳು. "ಒಳಗ ಏನ್ ಕೇಳ್ತಾರ್ರಿ?" ಅಂದಳು.

"ಏನ ಕೇಳಿದ್ರೂ ತಿಳೀಲಿಲ್ಲಂದ್ರ, ತಿಳೀಲಿಲ್ಲರಿ ಅನ್ನು. ಹಂಗಂದ್ರ ಯಾರೂ ಸಿಟ್ಟಾಗೂದಿಲ್ಲ. ನಿನಗೂ ಏನರ ಕೇಳೂದಿದ್ರ ಕೇಳು."

"ನಾ ಕೇಳಬೌದೇನ್ರಿ?"

"ಕೇಳಬೌದು."

ಅವಳು ವಿಚಾರ ಮಾಡಿದಳು. ಆಮೇಲೆ ಜವಾನ ಬಂದು ಕರೆದ, ಅವಳು ಒಬ್ಬಳೇ ಜಡ್ಜ್ ಚೇಂಬರಿನೊಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಹೊರಗೆ ಕೂತಿದ್ದೆ. ಅವತ್ತು ಒಳಗೆ ಅವಳು ಬಹಳ ಹೊತ್ತು ಇದ್ದಳು. ಏನು ಹೇಳಿದಳು, ಏನು ಕೇಳಿದಳು, ನಾನು ವಿಚಾರಿಸುವ ಹಾಗಿಲ್ಲ, ವಿಚಾರಿಸಲೂ ಇಲ್ಲ. ಹೊರಗೆ ಬಂದವಳು ಅಜ್ಜಿಯ ಕೈ ಹಿಡಿದು ಆಟೋ ಹತ್ತಿ ಹೋದಳು. ನಾನು ಬೆಂಚಿನ ಮೇಲಿದ್ದ ಫೈಲುಗಳನ್ನು ಎತ್ತಿಕೊಂಡು, ಸೀನಿಯರ್ ಹಿಂದೆ ಮುಂದಿನ ಕೇಸಿಗೆ ನಡೆದೆ.